ಲೈಬ್ರರಿ ಹಾಕೋದು ಸುಲಭ, ತೆಗೆಯೋರು ಯಾರು?

ಎರರ್ ಬಂತು, ನೆಟ್‌ನಲ್ಲಿ ಹುಡುಕಿದಿರಿ, ಯಾರೋ ಬರೆದ ಒಂದು ಸಾಲು ಸಿಕ್ಕಿತು, ಕಾಪಿ ಮಾಡಿ ಟರ್ಮಿನಲ್‌ಗೆ ಅಂಟಿಸಿ ಎಂಟರ್ ಒತ್ತಿದಿರಿ. ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳೋ ಸಿದ್ಧ ಕೋಡ್) ಬಂದು ಕೂತಿತು, ಪ್ರೋಗ್ರಾಂ ಕಂಪೈಲ್ ಆಯಿತು, ಅಂದರೆ ಬರೆದ ಕೋಡ್ ಓಡೋ ರೂಪಕ್ಕೆ ಬಂತು. ಸರಿ. ಆದರೆ ಆ ಸಾಲು ಬರೆದವರು ಅದನ್ನು ವಾಪಸ್ ತೆಗೆಯೋದು ಹೇಗೆ ಅಂತ ಬರೆದಿರೋದಿಲ್ಲ. ಹಾಗಾಗಿ ವರ್ಷ ಎರಡು ವರ್ಷ ಕಳೆಯುವಷ್ಟರಲ್ಲಿ ಕಂಪ್ಯೂಟರ್‌ನಲ್ಲಿ ಯಾವ ಲೈಬ್ರರಿ ಯಾಕೆ ಇದೆ ಅಂತ ಯಾರಿಗೂ ಗೊತ್ತಿರೋದಿಲ್ಲ, ತೆಗೆಯೋಕೆ ಭಯ, ಇಟ್ಟುಕೊಳ್ಳೋಕೆ ಬೇಜಾರು.

ನಾನು ಪಾಲಿಸೋ ನಿಯಮ ಒಂದೇ. ಯಾವ ಟೂಲ್ ಹಾಕಿತೋ ಅದೇ ಟೂಲ್ ತೆಗೆಯಬೇಕು. ಹಾಕೋಕೆ ಮುಂಚೆಯೇ "ಇದನ್ನು ಯಾವುದರಿಂದ ತೆಗೆಸೋದು?" ಅಂತ ಕೇಳಿಕೊಳ್ಳಬೇಕು. ಉತ್ತರ ಇಲ್ಲದಿದ್ದರೆ ಹಾಕೋ ದಾರಿ ಬದಲಿಸಬೇಕು. ನಾನು ಜಾಸ್ತಿ ಬಳಸೋದು ಡೆಬಿಯನ್, ಉಬುಂಟು. ಅದಕ್ಕೇ ಲಿನಕ್ಸ್ ಮಾತು ಇಲ್ಲಿ ಜಾಸ್ತಿ ಇರುತ್ತದೆ. ಮ್ಯಾಕ್ ಮತ್ತು ವಿಂಡೋಸ್ ಬಗ್ಗೆ ಕೊನೆ ಕಡೆ ಸ್ವಲ್ಪ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. "ಓಪನ್‌ಎಸ್‌ಎಸ್‌ಎಲ್ (ನೆಟ್ ಮೇಲಿನ ಮಾತನ್ನು ಗುಪ್ತವಾಗಿಡೋ ಲೈಬ್ರರಿ) ಇದೆ, ಆದರೂ ಅದು ಇಲ್ಲ ಅಂತ ಕಂಪೈಲರ್ ಹೇಳುತ್ತದೆ" ಅಂತ ಹೊಸಬರು ಕೇಳುತ್ತಲೇ ಇರುತ್ತಾರೆ. ಡೆಬಿಯನ್ ಕುಟುಂಬದಲ್ಲಿ ಒಂದು ಲೈಬ್ರರಿ ಎರಡು ಪ್ಯಾಕೇಜ್ ಆಗಿ ಬರುತ್ತದೆ. ಒಂದು ಪ್ರೋಗ್ರಾಂ ಓಡಿಸೋಕೆ ಬೇಕಾದದ್ದು. ಇನ್ನೊಂದು ಹೊಸ ಪ್ರೋಗ್ರಾಂ ಕಟ್ಟೋಕೆ ಬೇಕಾದದ್ದು, ಅದರ ಹೆಸರಿನ ಕೊನೆಯಲ್ಲಿ "-ಡೆವ್" ಅಂತ ಇರುತ್ತದೆ. ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್‌ನಲ್ಲಾದರೆ "-ಡೆವೆಲ್". ಆರ್ಚ್‌ನಲ್ಲಿ ಹೀಗೆ ಒಡೆಯೋದಿಲ್ಲ, ಸಾಮಾನ್ಯವಾಗಿ ಎರಡೂ ಒಂದೇ ಪ್ಯಾಕೇಜಿನಲ್ಲಿ ಬರುತ್ತವೆ. ಈ ಡೆವ್ ಪ್ಯಾಕೇಜ್ ಒಳಗೆ ಇರೋದು ಹೆಡರ್ ಫೈಲ್‌ಗಳು (ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರ್‌ಗೆ ಹೇಳೋವು), ಪಿಕೆಜಿ-ಕಾನ್ಫಿಗ್ (ಲೈಬ್ರರಿ ಎಲ್ಲಿದೆ ಅಂತ ಹೇಳೋ ಟೂಲ್) ಓದೋ ಒಂದು ಪುಟ್ಟ ಪಿಸಿ ಫೈಲ್, ಕೆಲವೊಮ್ಮೆ ಸ್ಟ್ಯಾಟಿಕ್ ಲೈಬ್ರರಿ (ಪ್ರೋಗ್ರಾಂ ಒಳಗೇ ಸೇರಿಹೋಗೋದು), ಮತ್ತೆ ವರ್ಷನ್ ನಂಬರ್ ಇಲ್ಲದ ಒಂದು ಸಿಮ್‌ಲಿಂಕ್ (ಇನ್ನೊಂದು ಫೈಲ್ ಕಡೆ ತೋರಿಸೋ ಕೊಂಡಿ). ಲಿಂಕರ್ (ಕಂಪೈಲ್ ಆದ ಕೋಡನ್ನು ಲೈಬ್ರರಿಗೆ ಜೋಡಿಸೋ ಟೂಲ್) ಹುಡುಕೋದು ಆ ಸಿಮ್‌ಲಿಂಕನ್ನೇ. ಪ್ರೋಗ್ರಾಂ ಓಡುವಾಗ ಹುಡುಕೋದು ನಂಬರ್ ಇರೋ ಫೈಲನ್ನು.

ಇದು ಗೊತ್ತಿದ್ದರೆ ಎರರ್ ನೋಡಿದ ತಕ್ಷಣ ಏನು ಕೊರತೆ ಅಂತ ಹೇಳಿಬಿಡಬಹುದು. ಕೊನೆಯಲ್ಲಿ ಡಾಟ್ ಎಚ್ ಇರೋ ಫೈಲ್ ಸಿಗಲಿಲ್ಲ ಅಂದರೆ ಹೆಡರ್ ಇಲ್ಲ, ಡೆವ್ ಪ್ಯಾಕೇಜ್ ಹಾಕಿ. ಲಿಂಕರ್ "ಮೈನಸ್ ಎಲ್ ಇಂಥದ್ದು ಸಿಗುತ್ತಿಲ್ಲ" ಅಂದರೂ ಸಾಮಾನ್ಯವಾಗಿ ಅದೇ ಮದ್ದು. ಆದರೆ ಕಂಪೈಲ್ ಎಲ್ಲಾ ಆಗಿ, ಓಡಿಸುವಾಗ "ಶೇರ್ಡ್ ಲೈಬ್ರರಿ ತೆರೆಯೋಕೆ ಆಗುತ್ತಿಲ್ಲ" ಅಂದರೆ ಅದು ಬೇರೆ ಕಥೆ. ಆಗ ಡೆವ್ ಪ್ಯಾಕೇಜ್ ಹುಡುಕಿಕೊಂಡು ಹೋಗೋದು ದಾರಿ ತಪ್ಪಿದ ಹಾಗೆ. ಓಡಿಸೋ ಲೈಬ್ರರಿಯೇ ಇಲ್ಲ, ಅಥವಾ ಇದೆ ಆದರೆ ಲೋಡರ್‌ಗೆ (ಓಡುವಾಗ ಲೈಬ್ರರಿ ಹುಡುಕಿ ತರೋ ಭಾಗಕ್ಕೆ) ಕಾಣದ ಜಾಗದಲ್ಲಿದೆ.

ಯಾವ ಹೆಡರ್ ಯಾವ ಪ್ಯಾಕೇಜಿನಲ್ಲಿದೆ ಅಂತ ಊಹೆ ಮಾಡಬೇಡಿ. ಡೆಬಿಯನ್, ಉಬುಂಟುವಿನಲ್ಲಿ ಪ್ಯಾಕೇಜ್ ಹಾಕೋ, ತೆಗೆಯೋ ಟೂಲ್ ಆಪ್ಟ್. ಅದರ ಜೊತೆ ಬಳಸೋಕೆ ಆಪ್ಟ್-ಫೈಲ್ ಅಂತ ಒಂದು ಪುಟ್ಟ ಟೂಲ್ ಇದೆ. ಒಮ್ಮೆ ಹಾಕಿ, ಅಪ್‌ಡೇಟ್ ಕೊಟ್ಟು, ಫೈಲ್ ಹೆಸರು ಹುಡುಕಿದರೆ ಇನ್ನೂ ಇನ್‌ಸ್ಟಾಲ್ ಆಗದ ಪ್ಯಾಕೇಜ್‌ಗಳ ಒಳಗೂ ನೋಡಿ ಹೇಳುತ್ತದೆ. ಊಹೆ ಮಾಡಿ ಸಿಕ್ಕ ಸಿಕ್ಕ ನಾಲ್ಕೈದು ಪ್ಯಾಕೇಜ್ ಹಾಕೋದೇ ಮುಂದೆ ಕಸ ತುಂಬೋದಕ್ಕೆ ಮೊದಲ ಕಾರಣ.

ಈಗ ತೆಗೆಯೋ ವಿಷಯ. ಜನ ಹೆದರೋದು ತಪ್ಪು ಜಾಗದಲ್ಲಿ ಅನ್ನೋದು ನನ್ನ ಅಭಿಪ್ರಾಯ. ಡೆವ್ ಪ್ಯಾಕೇಜ್ ತೆಗೆದರೆ ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಓಡುತ್ತಿರೋ ಯಾವುದೂ ಸಾಮಾನ್ಯವಾಗಿ ನಿಲ್ಲೋದಿಲ್ಲ. ಬ್ರೌಸರ್‌ಗೆ ಹೆಡರ್ ಫೈಲ್ ಯಾಕೆ ಬೇಕು? ಆಗೋದೇನಪ್ಪಾ ಅಂದರೆ ಮುಂದಿನ ಸಲ ಆ ಪ್ರಾಜೆಕ್ಟ್ ಕಂಪೈಲ್ ಮಾಡುವಾಗ ಎರರ್ ಬರುತ್ತದೆ, ಆಗ ವಾಪಸ್ ಹಾಕಿಕೊಂಡರಾಯಿತು. ಅಪಾಯ ಇರೋದು ಓಡಿಸೋ ಲೈಬ್ರರಿಯಲ್ಲಿ. ಜಿಲಿಬ್‌ಸಿ ಅನ್ನೋ ಮೂಲ ಸಿ ಲೈಬ್ರರಿಯ ಫೈಲನ್ನು ಕೈಯಾರೆ ಅಳಿಸಿದಿರಿ ಅನ್ನಿ. ಫೈಲ್ ಪಟ್ಟಿ ತೋರಿಸೋ ಎಲ್‌ಎಸ್ ಓಡೋದಿಲ್ಲ, ಅಡ್ಮಿನ್ ಅಧಿಕಾರ ಕೊಡೋ ಸುಡೋ ಓಡೋದಿಲ್ಲ, ವಾಪಸ್ ಕಾಪಿ ಮಾಡೋ ಕಮಾಂಡ್ ಕೂಡ ಓಡೋದಿಲ್ಲ, ಯಾಕಂದರೆ ಎಲ್ಲದಕ್ಕೂ ಅದೇ ಬೇಕು. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಸರಿ ಮಾಡಬೇಕಾಗುತ್ತದೆ. ಅದೇ ರೀತಿ ಉಬುಂಟುವಿನಲ್ಲಿ "ಪೈಥಾನ್ ಹಳೇದಾಯಿತು" ಅಂತ ಸಿಸ್ಟಂನ ಪೈಥಾನ್ 3 ತೆಗೆಯೋಕೆ ಹೋದರೆ ಅದನ್ನೇ ನಂಬಿಕೊಂಡಿರೋ ಡೆಸ್ಕ್‌ಟಾಪ್ ಪ್ಯಾಕೇಜ್‌ಗಳೂ ಜೊತೆಗೆ ಹೊರಟುಬಿಡುತ್ತವೆ.

ಅದಕ್ಕೇ ಆಪ್ಟ್ "ಇವಿಷ್ಟು ತೆಗೆಯುತ್ತೇನೆ" ಅಂತ ತೋರಿಸೋ ಪಟ್ಟಿಯನ್ನು ಓದಬೇಕು. ಓದದೆ ವೈ ಒತ್ತೋ ಅಭ್ಯಾಸ ಎಲ್ಲರಿಗೂ ಇದೆ, ಅಲ್ವಾ? 2021ರಲ್ಲಿ ಒಬ್ಬ ಹೆಸರುವಾಸಿ ಯೂಟ್ಯೂಬರ್ ಲಿನಕ್ಸ್‌ನಲ್ಲಿ ಸ್ಟೀಮ್ (ಗೇಮ್‌ಗಳ ಅಂಗಡಿ) ಹಾಕೋಕೆ ಹೋದಾಗ ಇದೇ ಆಯಿತು. ಪ್ಯಾಕೇಜ್‌ಗಳ ಡಿಪೆಂಡೆನ್ಸಿಯಲ್ಲಿ (ಯಾವುದಕ್ಕೆ ಯಾವುದು ಬೇಕು ಅನ್ನೋ ಲೆಕ್ಕದಲ್ಲಿ) ತೊಂದರೆ ಇತ್ತು, ಆಪ್ಟ್ ಡೆಸ್ಕ್‌ಟಾಪನ್ನೇ ತೆಗೆಯುತ್ತೇನೆ ಅಂತ ಎಚ್ಚರಿಸಿತು, "ಹೌದು, ನಾನು ಹೇಳಿದಂತೆ ಮಾಡು" ಅನ್ನೋ ಅರ್ಥದ ಇಂಗ್ಲಿಷ್ ವಾಕ್ಯವನ್ನು ಪೂರ್ತಿ ಟೈಪ್ ಮಾಡಿಸಿಕೊಂಡಿತು, ಆಮೇಲೆ ಡೆಸ್ಕ್‌ಟಾಪ್ ಮಾಯ. ಅದಾದ ಮೇಲೆ ಆಪ್ಟ್ ಬರೆಯುವವರು ನಿಯಮ ಬಿಗಿ ಮಾಡಿದರು. ಈಗ ಬರೀ ಆ ವಾಕ್ಯ ಟೈಪ್ ಮಾಡಿದರೆ ನಡೆಯೋದಿಲ್ಲ, ಕಮಾಂಡ್ ಜೊತೆಗೇ ಬೇರೆ ಆಪ್ಷನ್ ಕೊಡಬೇಕು. ಒಳ್ಳೇದೇ ಆಯಿತು. ಆದರೆ ಆ ಎಚ್ಚರಿಕೆ ಅತ್ಯಗತ್ಯ ಅಂತ ಗುರುತು ಹಾಕಿರೋ ಪ್ಯಾಕೇಜ್‌ಗಳಿಗೆ ಮಾತ್ರ. ಮಿಕ್ಕಿದ್ದಕ್ಕೆಲ್ಲ ನಿಮ್ಮ ಕಣ್ಣೇ ಗತಿ. ಅನುಮಾನ ಬಂದರೆ ಆಪ್ಟ್-ಗೆಟ್‌ಗೆ "-ಎಸ್" ಕೊಟ್ಟು ನೋಡಿ, ಏನೂ ಮಾಡದೆ ಏನು ಮಾಡುತ್ತಿದ್ದೆ ಅಂತ ಮಾತ್ರ ಹೇಳುತ್ತದೆ.

ಇನ್ನೊಂದು ತಮಾಷೆ ಏನಂದರೆ, ಹಾಕುವಾಗಲೂ ತೆಗೆಯೋದು ನಡೆಯುತ್ತದೆ. ನೆಟ್‌ನಿಂದ ಡೇಟಾ ತರೋ ಕರ್ಲ್ ಲೈಬ್ರರಿಯ ಡೆವ್ ಪ್ಯಾಕೇಜ್ ಓಪನ್‌ಎಸ್‌ಎಸ್‌ಎಲ್ ಜೊತೆಗೊಂದು, ಅದರಂಥದ್ದೇ ಆದ ಗ್ನೂಟಿಎಲ್‌ಎಸ್ ಜೊತೆಗೊಂದು ಬರುತ್ತದೆ. ಎರಡೂ ಒಟ್ಟಿಗೆ ಇರೋಕೆ ಆಗೋದಿಲ್ಲ. ಒಂದು ಹಾಕಿದರೆ ಇನ್ನೊಂದು ಹೋಗುತ್ತದೆ. ನಿನ್ನೆ ಕಂಪೈಲ್ ಆಗುತ್ತಿದ್ದ ಪ್ರಾಜೆಕ್ಟ್ ಇವತ್ತು ಯಾಕೆ ಆಗುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುವಾಗ ಇಂಥದ್ದನ್ನೂ ನೆನಪಿಡಿ.

ಆಪ್ಟ್‌ನಲ್ಲಿ ರಿಮೂವ್, ಪರ್ಜ್, ಆಟೋರಿಮೂವ್ ಅಂತ ಮೂರಿವೆ. ರಿಮೂವ್ ಪ್ಯಾಕೇಜನ್ನು ತೆಗೆಯುತ್ತದೆ, ಇಟಿಸಿ ಫೋಲ್ಡರ್‌ನಲ್ಲಿರೋ ಸೆಟ್ಟಿಂಗ್ ಫೈಲ್‌ಗಳನ್ನು ಬಿಡುತ್ತದೆ. ಪರ್ಜ್ ಅವನ್ನೂ ತೆಗೆಯುತ್ತದೆ. ನಿಮ್ಮ ಹೋಮ್ ಫೋಲ್ಡರ್ ಒಳಗಿರೋದನ್ನು ಎರಡೂ ಮುಟ್ಟೋದಿಲ್ಲ. ಲೈಬ್ರರಿಗಳ ಮಟ್ಟಿಗೆ ರಿಮೂವ್, ಪರ್ಜ್ ಮಧ್ಯೆ ಅಂಥ ವ್ಯತ್ಯಾಸ ಇಲ್ಲ, ಯಾಕಂದರೆ ಡೆವ್ ಪ್ಯಾಕೇಜ್‌ಗೆ ಸೆಟ್ಟಿಂಗ್ ಫೈಲ್ ಇರೋದೇ ಅಪರೂಪ. ನಿಜವಾದ ಕೆಲಸ ಮಾಡೋದು ಆಟೋರಿಮೂವ್.

ಅದು ಹೇಗೆ ತೀರ್ಮಾನ ಮಾಡುತ್ತದೆ ಅಂತ ತಿಳಿದಿರಬೇಕು. ಪ್ರತಿ ಪ್ಯಾಕೇಜಿಗೂ ಒಂದು ಗುರುತು ಇರುತ್ತದೆ: ನೀವೇ ಕೇಳಿ ಹಾಕಿಸಿದ್ದಾ, ಇಲ್ಲ ಬೇರೆಯದರ ಜೊತೆಗೆ ತಾನಾಗಿ ಬಂದದ್ದಾ. ತಾನಾಗಿ ಬಂದು, ಈಗ ಯಾರಿಗೂ ಬೇಡವಾದದ್ದನ್ನು ಆಟೋರಿಮೂವ್ ಎತ್ತಿ ಹಾಕುತ್ತದೆ. ಸೊಗಸಾದ ವ್ಯವಸ್ಥೆ. ಆದರೆ ನೀವು ಎರರ್ ನೋಡಿ ನೋಡಿ ಒಂದೊಂದೇ ಡೆವ್ ಪ್ಯಾಕೇಜ್ ಕೈಯಾರೆ ಹಾಕಿದ್ದರೆ ಅವೆಲ್ಲ "ಇವರೇ ಕೇಳಿದ್ದು" ಅನ್ನೋ ಗುರುತು ಹೊತ್ತುಕೊಂಡಿರುತ್ತವೆ. ಆಟೋರಿಮೂವ್ ಅವುಗಳ ಕಡೆ ತಿರುಗಿಯೂ ನೋಡೋದಿಲ್ಲ. ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್ ಅಂತ ಒಮ್ಮೆ ಕೊಟ್ಟು ನೋಡಿ, ನಿಮ್ಮ ಹೆಸರಲ್ಲಿ ಎಷ್ಟೆಲ್ಲ ಇದೆ ಅಂತ ಗೊತ್ತಾಗುತ್ತದೆ. ಬೇಡದ್ದನ್ನು ಆಪ್ಟ್-ಮಾರ್ಕ್ ಆಟೋ ಅಂತ ಗುರುತು ಬದಲಿಸಿ ಆಟೋರಿಮೂವ್ ಕೊಟ್ಟರೆ, ಯಾರಿಗೂ ಬೇಡದವು ಮಾತ್ರ ಹೋಗುತ್ತವೆ, ಬೇಕಾದವು ಉಳಿಯುತ್ತವೆ. ನೇರವಾಗಿ ರಿಮೂವ್ ಕೊಡೋದಕ್ಕಿಂತ ಇದು ನನಗೆ ಇಷ್ಟ, ಯಾಕಂದರೆ ಯಾರು ಯಾರನ್ನು ನಂಬಿಕೊಂಡಿದ್ದಾರೆ ಅನ್ನೋ ಲೆಕ್ಕ ಆಪ್ಟ್‌ಗೆ ನನಗಿಂತ ಚೆನ್ನಾಗಿ ಗೊತ್ತು.

ಒಂದು ದೊಡ್ಡ ಪ್ರೋಗ್ರಾಂ ಕಟ್ಟೋಕೆ ಅಂತಲೇ ಹತ್ತಿಪ್ಪತ್ತು ಡೆವ್ ಪ್ಯಾಕೇಜ್ ಬೇಕಾದಾಗ ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜಿನಲ್ಲಿರೋ ಎಂಕೆ-ಬಿಲ್ಡ್-ಡೆಪ್ಸ್ ಬಳಸಿ. ಆಪ್ಟ್‌ನ ಬಿಲ್ಡ್-ಡೆಪ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಬಂದ ಪ್ಯಾಕೇಜ್‌ಗಳನ್ನೆಲ್ಲ ಒಂದು ಗುಂಪಾಗಿ ಕಟ್ಟಿ ಇಡೋದಿಲ್ಲ. ಎಂಕೆ-ಬಿಲ್ಡ್-ಡೆಪ್ಸ್ ಏನು ಮಾಡುತ್ತದೆ ಅಂದರೆ ಒಂದು ಖಾಲಿ ಪ್ಯಾಕೇಜ್ ಹುಟ್ಟಿಸಿ, ಬೇಕಾದ ಎಲ್ಲವನ್ನೂ ಅದರ ಬಾಲಕ್ಕೆ ಕಟ್ಟುತ್ತದೆ. ಕೆಲಸ ಮುಗಿದ ಮೇಲೆ ಆ ಒಂದು ಖಾಲಿ ಪ್ಯಾಕೇಜ್ ತೆಗೆದು ಆಟೋರಿಮೂವ್ ಕೊಟ್ಟರೆ ಬಾಲವೂ ಹೋಗುತ್ತದೆ.

ಇನ್ನು ಹಳೇದನ್ನು ಹುಡುಕಬೇಕಾದರೆ /ವಾರ್/ಲಾಗ್/ಆಪ್ಟ್ ಒಳಗಿನ ಹಿಸ್ಟರಿ ಲಾಗ್ ನೋಡಿ. ಯಾವ ದಿನ ಯಾವ ಕಮಾಂಡ್ ಕೊಟ್ಟಿರಿ, ಏನೇನು ಬಂತು, ಯಾವುದು ತಾನಾಗಿ ಬಂತು, ಎಲ್ಲ ಬರೆದಿರುತ್ತದೆ. ಫೆಡೋರಾದವರು ಈ ವಿಷಯದಲ್ಲಿ ಪುಣ್ಯವಂತರು. ಅವರ ಪ್ಯಾಕೇಜ್ ಟೂಲ್ ಡಿಎನ್‌ಎಫ್‌ಗೆ ಹಿಸ್ಟರಿ ಅಂದರೆ ನಂಬರ್ ಹಾಕಿದ ಪಟ್ಟಿ ಬರುತ್ತದೆ, ಅಂಡೂ ಜೊತೆ ಆ ನಂಬರ್ ಕೊಟ್ಟರೆ ಆ ಇಡೀ ಸಲದ ಕೆಲಸವನ್ನೇ ವಾಪಸ್ ಮಾಡುತ್ತದೆ.

ಇಲ್ಲಿಯವರೆಗೆ ಎಲ್ಲ ಸುಲಭ. ತಲೆನೋವು ಶುರುವಾಗೋದು ಸೋರ್ಸ್ ಕೋಡ್‌ನಿಂದ ನಾವೇ ಕಟ್ಟಿ ಸುಡೋ ಮೇಕ್ ಇನ್‌ಸ್ಟಾಲ್ ಕೊಟ್ಟಾಗ. ಈ ಕಮಾಂಡ್‌ಗೆ ಪ್ಯಾಕೇಜ್ ಅಂದರೇನು ಅಂತಲೇ ಗೊತ್ತಿಲ್ಲ. ಫೈಲ್‌ಗಳನ್ನು ಕಾಪಿ ಮಾಡುತ್ತದೆ, ಮುಗೀತು. ಸಾಮಾನ್ಯವಾಗಿ /ಯುಎಸ್ಆರ್/ಲೋಕಲ್ ಒಳಗೆ ಹೋಗಿ ಕೂರುತ್ತವೆ. ಆಪ್ಟ್‌ನ ಲೆಕ್ಕದಲ್ಲಿ ಅವು ಇಲ್ಲವೇ ಇಲ್ಲ. ಆಪ್ಟ್‌ನ ಕೆಳಗೆ ಕೆಲಸ ಮಾಡೋ ಡಿಪಿಕೆಜಿಗೆ -ಎಸ್ ಅಂತ ದೊಡ್ಡ ಅಕ್ಷರದ ಎಸ್ ಕೊಟ್ಟು ಆ ಫೈಲ್ ಯಾರದು ಅಂತ ಕೇಳಿದರೆ ಯಾರದೂ ಅಲ್ಲ ಅನ್ನುತ್ತದೆ.

ಇದರಿಂದ ಏನು ತೊಂದರೆ? ಜಿಸಿಸಿ ಅನ್ನೋ ಕಂಪೈಲರ್ ಹೆಡರ್ ಹುಡುಕುವಾಗ /ಯುಎಸ್ಆರ್/ಲೋಕಲ್ ಅನ್ನು ಮೊದಲು ನೋಡುತ್ತದೆ, ಸಿಸ್ಟಂನ ಜಾಗವನ್ನು ಆಮೇಲೆ. ನೀವು ಎಂದೋ ಕಟ್ಟಿ ಮರೆತ ಲೈಬ್ರರಿಯ ಹೆಡರ್ ಅಲ್ಲಿದೆ, ಅದೇ ಲೈಬ್ರರಿಯ ಬೇರೆ ವರ್ಷನ್ ಆಪ್ಟ್ ಕಡೆಯಿಂದಲೂ ಬಂದಿದೆ ಅಂದುಕೊಳ್ಳಿ. ಹೆಡರ್ ಒಂದರದು, ಲಿಂಕ್ ಆಗೋದು ಇನ್ನೊಂದರದು ಆಗಬಹುದು. ಕಂಪೈಲರ್ ಬೈದರೆ ಪುಣ್ಯ. ಬೈಯದೆ ಹೋದರೆ ಪ್ರೋಗ್ರಾಂ ಓಡುವಾಗ ಎಲ್ಲೋ ಸ್ಟ್ರಕ್ಟ್‌ನ (ಡೇಟಾ ಜೋಡಿಸಿಡೋ ಕಟ್ಟಿನ) ಅಳತೆ ಹೊಂದದೆ ಕ್ರ್ಯಾಶ್ ಆಗುತ್ತದೆ, ಮತ್ತೆ ನೀವು ನಿಮ್ಮ ಕೋಡ್‌ನಲ್ಲೇ ತಪ್ಪು ಹುಡುಕುತ್ತಾ ಕೂರುತ್ತೀರಿ. ಇಂಥ ಕ್ರ್ಯಾಶ್ ಕಂಡಾಗ ನಾನು ಮೊದಲು ಕೊಡೋದು ಎಲ್‌ಡಿಡಿ ಕಮಾಂಡ್. ಪ್ರೋಗ್ರಾಂ ನಿಜವಾಗಿ ಯಾವ ಫೋಲ್ಡರ್‌ನ ಲೈಬ್ರರಿ ಎತ್ತಿಕೊಳ್ಳುತ್ತಿದೆ ಅಂತ ಅದು ತೋರಿಸುತ್ತದೆ. ಒಂದೇ ಎಚ್ಚರಿಕೆ: ಎಲ್ಲಿಂದಲೋ ಬಂದ, ನಂಬಿಕೆ ಇಲ್ಲದ ಪ್ರೋಗ್ರಾಂ ಮೇಲೆ ಎಲ್‌ಡಿಡಿ ಬಳಸಬೇಡಿ, ಕೆಲವು ಸಂದರ್ಭದಲ್ಲಿ ಅದು ಆ ಪ್ರೋಗ್ರಾಂನ ಕೋಡನ್ನೇ ಓಡಿಸಿಬಿಡಬಹುದು.

ತೆಗೆಯೋಕೆ ಏನು ದಾರಿ ಇದೆ ಅನ್ನೋದು ಪ್ರಾಜೆಕ್ಟ್ ಯಾವ ಬಿಲ್ಡ್ ಟೂಲ್ ಬಳಸಿದೆ ಅನ್ನೋದರ ಮೇಲೆ. ಆಟೋಟೂಲ್ಸ್ ಆದರೆ ಮೇಕ್ ಅನ್‌ಇನ್‌ಸ್ಟಾಲ್ ಸಾಮಾನ್ಯವಾಗಿ ಇರುತ್ತದೆ. ಸಿಮೇಕ್‌ನಲ್ಲಿ ಅದು ತಾನಾಗಿ ಬರೋದಿಲ್ಲ, ಪ್ರಾಜೆಕ್ಟ್ ಬರೆದವರು ಸೇರಿಸಿದ್ದರೆ ಉಂಟು. ಆದರೆ ಸಿಮೇಕ್ ಇನ್‌ಸ್ಟಾಲ್ ಮಾಡುವಾಗ ಬಿಲ್ಡ್ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್ ಮ್ಯಾನಿಫೆಸ್ಟ್ ಅಂತ ಒಂದು ಟೆಕ್ಸ್ಟ್ ಫೈಲ್ ಬರೆದಿಡುತ್ತದೆ, ಎಲ್ಲೆಲ್ಲಿ ಏನೇನು ಹಾಕಿದೆ ಅನ್ನೋ ಪೂರ್ತಿ ಪಟ್ಟಿ. ಅದನ್ನು ಓದಿಕೊಂಡು ಒಂದೊಂದೇ ಅಳಿಸಬಹುದು. ಎರಡಕ್ಕೂ ಬಿಲ್ಡ್ ಫೋಲ್ಡರ್ ಉಳಿದಿರಬೇಕು, ಸಮಸ್ಯೆ ಅದೇ. ಜನ ಇನ್‌ಸ್ಟಾಲ್ ಆದ ತಕ್ಷಣ ಜಾಗ ಉಳಿಸೋಕೆ ಅಂತ ಸೋರ್ಸ್ ಫೋಲ್ಡರನ್ನು ಅಳಿಸಿಬಿಡುತ್ತಾರೆ. ಫೋಲ್ಡರ್ ಹೋಗಿದ್ದರೆ ಅದೇ ವರ್ಷನ್ ಸೋರ್ಸ್ ಮತ್ತೆ ತಂದು, ಅದೇ ಆಪ್ಷನ್‌ಗಳಲ್ಲಿ ಕಾನ್ಫಿಗರ್ ಮಾಡಿ, ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ, ಈ ಸಲ ಸಿಕ್ಕ ಪಟ್ಟಿಯಿಂದ ಅಳಿಸೋದು ಒಂದು ದಾರಿ. ಕೇಳೋಕೆ ಹುಚ್ಚುತನ ಅನಿಸಿದರೂ ಕೆಲಸ ಮಾಡುತ್ತದೆ.

ಮೊದಲೇ ಬುದ್ಧಿವಂತಿಕೆ ಮಾಡೋದಾದರೆ, ಇನ್‌ಸ್ಟಾಲ್ ಪ್ರಿಫಿಕ್ಸ್ (ಫೈಲ್‌ಗಳು ಹೋಗಿ ಕೂರೋ ಫೋಲ್ಡರ್) ಬದಲಿಸಿ. /ಯುಎಸ್ಆರ್/ಲೋಕಲ್ ಬದಲು /ಆಪ್ಟ್ ಫೋಲ್ಡರ್ ಒಳಗೆ (ಇದಕ್ಕೂ ಆಪ್ಟ್ ಕಮಾಂಡ್‌ಗೂ ಸಂಬಂಧ ಇಲ್ಲ, ಹೆಸರು ಒಂದೇ ಥರ ಕೇಳಿಸುತ್ತದೆ ಅಷ್ಟೇ) ಲೈಬ್ರರಿ ಹೆಸರು, ವರ್ಷನ್ ಸೇರಿಸಿ ಅದಕ್ಕೇ ಅಂತ ಒಂದು ಫೋಲ್ಡರ್ ಕೊಡಿ. ಹೋಮ್ ಒಳಗೆ ಕೊಟ್ಟರಂತೂ ಸುಡೋ ಕೂಡ ಬೇಡ. ಪಿಕೆಜಿ-ಕಾನ್ಫಿಗ್‌ಗೆ ಆ ದಾರಿ ತೋರಿಸಿ. ಬೇಡವಾದ ದಿನ ಫೋಲ್ಡರ್ ಅಳಿಸಿ. ಒಂದೇ ಜಾಗದಲ್ಲಿ ಎಲ್ಲ ಕಾಣಬೇಕು ಅನ್ನೋರಿಗೆ ಗ್ನೂ ಸ್ಟೋ ಇದೆ, ಬೇರೆ ಬೇರೆ ಫೋಲ್ಡರ್‌ಗಳಿಂದ /ಯುಎಸ್ಆರ್/ಲೋಕಲ್‌ಗೆ ಸಿಮ್‌ಲಿಂಕ್ ಹಾಕುತ್ತದೆ, ಹೇಳಿದರೆ ತೆಗೆಯುತ್ತದೆ. ಏನೇ ಮಾಡಿದರೂ ಲೋಡರ್ ನೋಡೋ ಜಾಗಕ್ಕೆ ಲೈಬ್ರರಿ ಹಾಕಿದಾಗ ಮತ್ತು ತೆಗೆದಾಗ ಎಲ್‌ಡಿಕಾನ್ಫಿಗ್ ಓಡಿಸಿ. ಇಲ್ಲದಿದ್ದರೆ ಲೋಡರ್ ಹಳೇ ಪಟ್ಟಿಯನ್ನೇ ನೋಡುತ್ತಿರುತ್ತದೆ.

ತಿರುಗಾ ಮುರುಗಾ ಮಾಡೋರೂ ಇದ್ದಾರೆ. ಆಪ್ಟ್ ಹಾಕಿದ ಲೈಬ್ರರಿಯ ಫೈಲನ್ನು ಆರ್‌ಎಂ ಕೊಟ್ಟು ಅಳಿಸೋದು. ಆಪ್ಟ್‌ಗೆ ಅದು ಗೊತ್ತೇ ಆಗೋದಿಲ್ಲ, "ಈಗಾಗಲೇ ಇದೆ, ಮತ್ತೆ ಯಾಕೆ ಹಾಕಲಿ" ಅನ್ನುತ್ತದೆ. ಆಗ ರೀಇನ್‌ಸ್ಟಾಲ್ ಆಪ್ಷನ್ ಕೊಡಬೇಕು. ಯಾವ ಫೈಲ್ ಕಾಣೆಯಾಗಿದೆ ಅಂತ ಡಿಪಿಕೆಜಿ ವೆರಿಫೈ ಹೇಳುತ್ತದೆ.

ಪೈಥಾನ್ ಕಥೆ ಇದೇ ಜಗಳದ ಇನ್ನೊಂದು ರೂಪ. ಒಂದೇ ಪೈಥಾನ್‌ಗೆ ಆಪ್ಟ್ ಕೂಡ ಲೈಬ್ರರಿ ಹಾಕುತ್ತದೆ, ಪೈಥಾನ್‌ನದೇ ಟೂಲ್ ಆದ ಪಿಪ್ ಕೂಡ ಹಾಕುತ್ತದೆ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿಲ್ಲ. ಸುಡೋ ಪಿಪ್ ಕೊಟ್ಟು ಹಾಕಿದ ಹೊಸ ವರ್ಷನ್ ಮುಂದೆ ಬಂದು ನಿಂತು, ಸಿಸ್ಟಂನ ಯಾವುದೋ ಟೂಲ್ ಕೆಡುತ್ತಿತ್ತು. ಇದಕ್ಕೇ ಪೆಪ್ 668 ಅನ್ನೋ ಪೈಥಾನ್ ನಿಯಮ ಬಂತು. 2023ರಲ್ಲಿ ಬಂದ ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಸಿಸ್ಟಂ ಪೈಥಾನ್‌ನಲ್ಲಿ ಪಿಪ್ ಇನ್‌ಸ್ಟಾಲ್ ಕೊಟ್ಟರೆ, ಇದು ಬೇರೆಯವರು ನೋಡಿಕೊಳ್ಳೋ ಜಾಗ ಅಂತ ಎರರ್ ಕೊಟ್ಟು ನಿಲ್ಲುತ್ತದೆ. ದಾಟಿ ಹೋಗೋಕೆ ಇರೋ ಆಪ್ಷನ್‌ಗೆ ಬ್ರೇಕ್-ಸಿಸ್ಟಂ-ಪ್ಯಾಕೇಜಸ್ ಅಂತಲೇ ಹೆಸರಿಟ್ಟಿದ್ದಾರೆ. ಇಷ್ಟು ನೇರವಾಗಿ ಹೆಸರಿಟ್ಟ ಆಪ್ಷನ್ ನಾನು ಇನ್ನೊಂದು ನೋಡಿಲ್ಲ. ಆದರೂ ಜನ ಅದನ್ನೇ ಕಾಪಿ ಮಾಡಿ ಅಂಟಿಸುತ್ತಾರೆ!

ವಿಎನ್ವಿ (ಪೈಥಾನ್ ಲೈಬ್ರರಿಗಳಿಗೇ ಅಂತ ಒಂದು ಬೇರೆ ಫೋಲ್ಡರ್) ಮಾಡಿಕೊಳ್ಳಿ, ಅಷ್ಟೇ. ಪ್ರಾಜೆಕ್ಟ್‌ಗೊಂದು. ಅದಕ್ಕೆ ಇನ್ನೊಂದು ಕಾರಣವೂ ಇದೆ. ಪಿಪ್‌ನಲ್ಲಿ ಅನ್‌ಇನ್‌ಸ್ಟಾಲ್ ಕೊಟ್ಟರೆ ನೀವು ಹೆಸರಿಸಿದ ಒಂದನ್ನು ಮಾತ್ರ ತೆಗೆಯುತ್ತದೆ, ಅದರ ಜೊತೆ ಬಂದ ಹತ್ತು ಅಲ್ಲೇ ಉಳಿಯುತ್ತವೆ. ಆಪ್ಟ್‌ನ ಆಟೋರಿಮೂವ್‌ನಂಥದ್ದು ಪಿಪ್‌ನಲ್ಲಿಲ್ಲ. ವಿಎನ್ವಿ ಆದರೆ ಇಡೀ ಫೋಲ್ಡರ್ ಅಳಿಸಿದರೆ ಮುಗೀತು. ಜಾವಾಸ್ಕ್ರಿಪ್ಟ್ ಓಡಿಸೋ ನೋಡ್‌ನವರ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಎಲ್ಲರೂ ಅದರ ಗಾತ್ರಕ್ಕೆ ಗೇಲಿ ಮಾಡುತ್ತಾರೆ, ಆದರೆ ತೆಗೆಯೋ ವಿಷಯದಲ್ಲಿ ಅದರಷ್ಟು ಸುಖ ಯಾವುದೂ ಇಲ್ಲ.

ಮ್ಯಾಕ್‌ನಲ್ಲಿ ಹೋಮ್‌ಬ್ರೂ ಅನ್ನೋ ಪ್ಯಾಕೇಜ್ ಟೂಲ್ ಇದ್ದರೆ ಬದುಕು ಸಲೀಸು. ಒಂದೊಂದು ಲೈಬ್ರರಿಗೂ ಸೆಲ್ಲಾರ್ ಒಳಗೆ ಬೇರೆ ಫೋಲ್ಡರ್, ಹೊರಗೆ ಸಿಮ್‌ಲಿಂಕ್. ಬೇರೆಯದಕ್ಕೆ ಬೇಕಾದ ಲೈಬ್ರರಿ ತೆಗೆಯೋಕೆ ಹೋದರೆ ಬೇಡ ಅನ್ನುತ್ತದೆ. ಬ್ರೂ ಲೀವ್ಸ್ ಕೊಟ್ಟರೆ ಯಾರೂ ನಂಬಿಕೊಂಡಿರದ ಪ್ಯಾಕೇಜ್‌ಗಳ ಪಟ್ಟಿ ಬರುತ್ತದೆ, ಸ್ವಚ್ಛ ಮಾಡೋಕೆ ಅಲ್ಲಿಂದಲೇ ಶುರು ಮಾಡಿ. ಇಂಟೆಲ್ ಮ್ಯಾಕ್‌ನಿಂದ ಆಪಲ್ ಸಿಲಿಕಾನ್‌ಗೆ ಎಲ್ಲವನ್ನೂ ಹಾಗೇ ಸಾಗಿಸಿದವರು ಒಮ್ಮೆ ನೋಡಿಕೊಳ್ಳಿ. ಹಳೆಯದರಲ್ಲಿ ಹೋಮ್‌ಬ್ರೂ ಇದ್ದದ್ದು /ಯುಎಸ್ಆರ್/ಲೋಕಲ್‌ನಲ್ಲಿ, ಹೊಸದರಲ್ಲಿ ಇರೋದು /ಆಪ್ಟ್/ಹೋಮ್‌ಬ್ರೂನಲ್ಲಿ. ಎರಡೂ ಇದ್ದು, ಪಾತ್‌ನಲ್ಲಿ (ಕಮಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿಯಲ್ಲಿ) ಹಳೇದೇ ಮೊದಲು ಬಂದರೆ ಇಂಟೆಲ್ ಲೈಬ್ರರಿಗೆ ಲಿಂಕ್ ಮಾಡೋಕೆ ಹೋಗಿ ಆರ್ಕಿಟೆಕ್ಚರ್ ಹೊಂದೋದಿಲ್ಲ ಅನ್ನೋ ಎರರ್ ಬರುತ್ತದೆ.

ವಿಂಡೋಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದರೆ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಅಂತ ಉದ್ದಕ್ಕೂ ಸಾಲು ಇರುತ್ತದೆ. ಸಿ++ನಲ್ಲಿ ಬರೆದ ಪ್ರೋಗ್ರಾಂ ಓಡೋಕೆ ಬೇಕಾದ ಲೈಬ್ರರಿಗಳು ಅವು. ನೋಡಿದವರಿಗೆಲ್ಲ ಕೈ ತುರಿಸುತ್ತದೆ. ತೆಗೆಯಬೇಡಿ. 2005, 2008, 2010, 2012, 2013 ಎಲ್ಲ ಬೇರೆ ಬೇರೆ, ಒಂದರ ಕೆಲಸ ಇನ್ನೊಂದು ಮಾಡೋದಿಲ್ಲ. 2015 ಮತ್ತು ಅದರ ನಂತರದವು ಮಾತ್ರ ಒಂದೇ ಪ್ಯಾಕೇಜಿನಲ್ಲಿ ಬರುತ್ತವೆ. 32 ಬಿಟ್ ಪ್ರೋಗ್ರಾಂಗೆ 32 ಬಿಟ್‌ನದ್ದೇ ಬೇಕು, ಹಾಗಾಗಿ ನಿಮ್ಮ ವಿಂಡೋಸ್ 64 ಬಿಟ್ ಆದರೂ ಎರಡೂ ಇರಬೇಕು. ಯಾವ ಪ್ರೋಗ್ರಾಂ ಯಾವುದನ್ನು ನಂಬಿಕೊಂಡಿದೆ ಅನ್ನೋ ಲೆಕ್ಕ ಆ ಪಟ್ಟಿಯಲ್ಲಿ ಎಲ್ಲೂ ಕಾಣೋದಿಲ್ಲ. ಅವು ಹಿಡಿಯೋ ಜಾಗವೂ ಅಷ್ಟೇನಿಲ್ಲ. ಇನ್ನು ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಸಿಗುತ್ತಿಲ್ಲ ಅಂದಾಗ ಯಾವುದೋ ಸೈಟ್‌ನಿಂದ ಬಿಡಿ ಡಿಎಲ್‌ಎಲ್ ಇಳಿಸಿ ಸಿಸ್ಟಂ32ಕ್ಕೆ ಹಾಕೋ ಸಲಹೆಯನ್ನು ಖಂಡಿತ ಕೇಳಬೇಡಿ. ಅದರೊಳಗೆ ಏನಿದೆಯೋ ಯಾರಿಗೆ ಗೊತ್ತು? ಜೊತೆಗೆ 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಂ32 ಅನ್ನೋ ಫೋಲ್ಡರ್‌ನಲ್ಲಿ ಇರೋದು 64 ಬಿಟ್ ಫೈಲ್‌ಗಳು, 32 ಬಿಟ್‌ನವು ಇರೋದು ಸಿಸ್‌ವಾವ್64 ಅನ್ನೋದರಲ್ಲಿ. ಹೆಸರು ನೋಡಿ ಹಾಕಿದರೆ ಉಲ್ಟಾ ಹಾಕಿರುತ್ತೀರಿ.

ಪ್ರಾಜೆಕ್ಟ್‌ಗೆ ಸಿ++ ಲೈಬ್ರರಿ ಬೇಕಾದರೆ ವಿಸಿಪಿಕೆಜಿ ಅನ್ನೋ ಲೈಬ್ರರಿ ತರೋ ಟೂಲನ್ನು ಮ್ಯಾನಿಫೆಸ್ಟ್ ರೀತಿಯಲ್ಲಿ ಬಳಸಿ. ಏನು ಬೇಕು ಅಂತ ಒಂದು ಜೇಸನ್ ಫೈಲ್‌ನಲ್ಲಿ ಬರೆದರೆ ಸಾಮಾನ್ಯವಾಗಿ ಪ್ರಾಜೆಕ್ಟ್‌ನ ಬಿಲ್ಡ್ ಫೋಲ್ಡರ್ ಒಳಗೇ ತಂದು ಹಾಕುತ್ತದೆ. ಸಾಲು ತೆಗೆದರೆ ಮುಂದಿನ ಬಿಲ್ಡ್‌ನಲ್ಲಿ ಲೈಬ್ರರಿಯೂ ಹೋಗುತ್ತದೆ. ಎಸ್‌ಡಿಕೆಗಳನ್ನು (ಪ್ರೋಗ್ರಾಂ ಬರೆಯೋಕೆ ಬೇಕಾದ ಟೂಲ್‌ಗಳ ಕಟ್ಟುಗಳನ್ನು) ತೆಗೆದ ಮೇಲೆ ಪಾತ್ ವೇರಿಯಬಲ್ ಒಮ್ಮೆ ನೋಡಿ, ಎಷ್ಟೋ ಇನ್‌ಸ್ಟಾಲರ್‌ಗಳು ತಾವು ಸೇರಿಸಿದ ಸಾಲನ್ನು ಅಲ್ಲೇ ಬಿಟ್ಟು ಹೋಗುತ್ತವೆ.

ಸುಮ್ನೆ ಏನೋ ಪ್ರಯತ್ನ ಮಾಡಿ ನೋಡಬೇಕು, ಉಳಿಸಿಕೊಳ್ಳೋ ಉದ್ದೇಶ ಇಲ್ಲ ಅಂದರೆ ಇಷ್ಟೆಲ್ಲ ಬೇಡವೇ ಬೇಡ. ಕಂಟೇನರ್ (ಮುಖ್ಯ ಸಿಸ್ಟಂನಿಂದ ಬೇರೆಯಾಗಿರೋ ಪೆಟ್ಟಿಗೆ) ಒಳಗೆ ಮಾಡಿ. ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಡಿಸ್ಟ್ರೋಬಾಕ್ಸ್ ಇದಕ್ಕೆ ಚೆನ್ನಾಗಿದೆ, ಒಳಗೆ ಎಷ್ಟು ಡೆವ್ ಪ್ಯಾಕೇಜ್ ಹಾಕಿದರೂ ಹೊರಗಿನ ಸಿಸ್ಟಂಗೆ ಗೊತ್ತಾಗೋದಿಲ್ಲ. ಒಂದೇ ವಿಷಯ, ಡಿಸ್ಟ್ರೋಬಾಕ್ಸ್ ಬೇರೆ ಹೇಳದಿದ್ದರೆ ನಿಮ್ಮ ಹೋಮ್ ಫೋಲ್ಡರನ್ನೇ ಹಂಚಿಕೊಳ್ಳುತ್ತದೆ. ಒಳಗೆ ಓಡಿದ ಪ್ರೋಗ್ರಾಂ ಹೋಮ್‌ನಲ್ಲಿ ಬರೆದದ್ದು ಬಾಕ್ಸ್ ಅಳಿಸಿದ ಮೇಲೂ ಉಳಿಯುತ್ತದೆ.

ಹೋಮ್ ಫೋಲ್ಡರ್ ಮಾತು ಬಂತಲ್ಲ, ಡಿಸ್ಕ್ ತುಂಬಿತು ಅಂತ ಲೈಬ್ರರಿ ತೆಗೆಯೋಕೆ ಹೊರಟಿದ್ದರೆ ಮೊದಲು ನೋಡಬೇಕಾದ ಜಾಗ ಅದೇ. ಡೆವ್ ಪ್ಯಾಕೇಜ್ ಬಹಳಷ್ಟು ಸಲ ಕೆಲವೇ ಎಂಬಿ ಇರುತ್ತದೆ, ಹತ್ತು ತೆಗೆದರೂ ಅಂಥ ಜಾಗ ಸಿಗೋದಿಲ್ಲ. ಪಿಪ್, ಎನ್‌ಪಿಎಂ, ಕಾರ್ಗೋ, ಗ್ರೇಡಲ್, ಗೋ, ಹೀಗೆ ಬೇರೆ ಬೇರೆ ಭಾಷೆಗಳ ಟೂಲ್‌ಗಳಲ್ಲಿ ಪ್ರತಿಯೊಂದೂ ಇಳಿಸಿದ್ದನ್ನೆಲ್ಲ ಚುಕ್ಕಿಯಿಂದ ಶುರುವಾಗೋ ಅಡಗಿದ ಫೋಲ್ಡರ್‌ಗಳಲ್ಲೋ ಇನ್ನೆಲ್ಲೋ ಕೂಡಿಟ್ಟುಕೊಂಡಿರುತ್ತದೆ. ಅವು ಜಿಬಿಗಟ್ಟಲೆ ಬೆಳೆದಿರುತ್ತವೆ. ಹೀಗೆ ಇಳಿಸಿ ಕೂಡಿಟ್ಟದ್ದನ್ನು (ಕ್ಯಾಶ್ ಅನ್ನೋದು ಇದನ್ನೇ) ಅಳಿಸಿದರೆ ನಷ್ಟ ಇಲ್ಲ, ಬೇಕಾದಾಗ ಮತ್ತೆ ಇಳಿಸಿಕೊಳ್ಳುತ್ತವೆ, ಸ್ವಲ್ಪ ಡೇಟಾ ಖರ್ಚು ಅಷ್ಟೇ. ಪಿಪ್‌ನಲ್ಲಿ ಕ್ಯಾಶ್ ಪರ್ಜ್ ಅಂತ ಕಮಾಂಡ್ ಇದೆ. ಗೋ ಮಾತ್ರ ಸ್ವಲ್ಪ ಹಟಮಾರಿ. ಅದರ ಮಾಡ್ಯೂಲ್ ಕ್ಯಾಶ್ ಫೋಲ್ಡರ್‌ಗಳಿಗೆ ಬರೆಯೋ ಅನುಮತಿಯೇ ಇರೋದಿಲ್ಲ, ಆರ್‌ಎಂ -ಆರ್‌ಎಫ್ ಕೊಟ್ಟರೆ ಅನುಮತಿ ಇಲ್ಲ ಅಂತ ಪರದೆ ತುಂಬಾ ಎರರ್ ಸುರಿಯುತ್ತದೆ. ಅದಕ್ಕೆ ಸುಡೋ ತರೋಕೆ ಹೋಗಬೇಡಿ. ಗೋ ಕ್ಲೀನ್‌ಗೆ ಮಾಡ್‌ಕ್ಯಾಶ್ ಆಪ್ಷನ್ ಕೊಡಿ, ತಾನು ಹಾಕಿದ್ದನ್ನು ತಾನೇ ತೆಗೆಯುತ್ತದೆ.